ಮನೆಗೊಂದು ಕೈ

ನಮ್ಮ ಮೇಷ್ಟ್ರು ಯಾವ ಪಕ್ಷಕ್ಕೆ ಓಟು ಹಾಕುತ್ತಿದ್ದರು ಎನ್ನುವುದು ಅವರು ತೀರಿಕೊಂಡ ಮೇಲೂ ಯಾರಿಗೂ ಗೊತ್ತಾಗಲಿಲ್ಲ. ಬರ್ಮಿಂಗ್‌ಹ್ಯಾಮ್ ಊರಿನ ಸೆಲ್ಲಿ ಓಕ್‌ನ ಚರ್ಚ್ ಹಾಲ್‌ನಲ್ಲಿ ನಡೆದ ಸಂತಾಪ ಸಭೆಗೆ ನಾನು ಲೀಡ್ಸ್‌ನಿಂದ ರೈಲಿನಲ್ಲಿ ಹೋಗಿದ್ದೆ. ಅಲ್ಲಿ ಮಾತಾಡಿದವರಲ್ಲಿ ಒಬ್ಬರು ಅವರನ್ನು ಅಪ್ಪಟ ಲೇಬರ್ ಮನುಷ್ಯ ಎಂದರು. ಇನ್ನೊಬ್ಬರು, ಇಲ್ಲ, ಒಳಗೊಳಗೇ ಕನ್ಸರ್ವೇಟಿವ್ ಎಂದರು. ಅವರ ಜೊತೆ ಬಹಳ ಕಾಲ ಪಾಠ ಮಾಡಿದ್ದ ಇಂಗ್ಲಿಷ್ ಸಹೋದ್ಯೋಗಿಯೊಬ್ಬರು ಎದ್ದು, ಇವರು ರಾಣಿಯ ಪರವೋ ವಿರುದ್ಧವೋ ಎಂದು ತಮ್ಮ ವಿಭಾಗದಲ್ಲಿ ವರ್ಷಗಟ್ಟಲೆ ಪಂಥ ನಡೆದಿತ್ತೆಂದೂ, ಗೆದ್ದವರು ಯಾರೂ ಇಲ್ಲವೆಂದೂ ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ನನ್ನ ಕಡೆ ಬಾಗಿ, "ನನಗೂ ಗೊತ್ತಿಲ್ಲವಾ. ಓಟು ಹಾಕಾಕ ಜೋಡೀಲೆ ಹೋಗ್ತಿದ್ವಿ. ಬರೂ ಮುಂದ ಬರೇ ಚಳಿ, ಮಳಿ ಅಂತ ಮಾತಾಡ್ತಿದ್ರು" ಎಂದರು.

ನಾನು ಬೆಂಗಳೂರಿನಲ್ಲಿ ಕಾನೂನು ಓದಿ, ಸ್ನಾತಕೋತ್ತರ ಪದವಿಗೆಂದು ೨೦೦೨ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದೆ. ಅವರು ನಮಗೆ ಬ್ರಿಟನ್ನಿನ ಸಂವಿಧಾನವನ್ನು ಕಲಿಸುತ್ತಿದ್ದರು. ಸಂವಿಧಾನ ಎಂದರೆ ನನ್ನ ಪಾಲಿಗೆ ಚೀಲದಲ್ಲಿ ಹೊತ್ತುಕೊಂಡು ತಿರುಗುವ, ಭಾರವಾದ ಒಂದು ಪುಸ್ತಕ. ಅದರ ವಿಧಿಗಳ ಸಂಖ್ಯೆಗಳು ನನಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ಈ ದೇಶದಲ್ಲಿ ಅಂಥ ಪುಸ್ತಕವೇ ಇಲ್ಲ ಎನ್ನುವುದು ಓದಿ ತಿಳಿದಿತ್ತು, ಆದರೆ ಹಾಗಿದ್ದ ಮೇಲೆ ವರ್ಷವಿಡೀ ಏನು ಕಲಿಸುತ್ತಾರೆ ಎನ್ನುವುದು ಗೊತ್ತಿರಲಿಲ್ಲ.

ಮೊದಲ ತರಗತಿಯಲ್ಲಿ ಅವರು ಒಂದೇ ಪ್ರಶ್ನೆ ಕೇಳಿದರು. ನಿಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೂ ಎಲ್ಲರೂ ಪಾಲಿಸುವ ಒಂದು ಸಂಗತಿ ಯಾವುದು? ಅಮ್ಮ ಫೋನಿನಲ್ಲಿ ಮಾತಾಡುವಾಗ ಟಿ.ವಿ. ಸದ್ದು ಕಡಿಮೆ ಮಾಡುತ್ತೇವೆ ಎಂದ ಒಬ್ಬ ಹುಡುಗ. ಮೊದಲ ರೊಟ್ಟಿ ಅಜ್ಜಿಗೆ ಎಂದಳು ಲೆಸ್ಟರ್‌ನ ಗುಜರಾತಿ ಹುಡುಗಿ. ಅಪ್ಪ ಬರುವ ತನಕ ಅಮ್ಮ ಊಟಕ್ಕೆ ಕೂರುವುದಿಲ್ಲ ಎಂದೆ ನಾನು.

"ಕೂತರೆ ಏನಾಗುತ್ತದೆ?"

"ಏನೂ ಆಗುವುದಿಲ್ಲ. ಇಬ್ಬರಿಗೂ ಮುಜುಗರವಾಗುತ್ತದೆ."

"ಯಾರಿಗೆ ಹೆಚ್ಚು?"

ಅವರು ಉತ್ತರಕ್ಕೆ ಕಾಯಲಿಲ್ಲ. ಮುರಿದಾಗ ಯಾರಿಗಾದರೂ ಮುಜುಗರವಾಗುವುದಾದರೆ ಅದು ನಿಯಮ, ಇಲ್ಲವಾದರೆ ಬರಿಯ ರೂಢಿ ಎಂದರು. ಸಂಸತ್ತು ಒಪ್ಪಿದ ಮಸೂದೆಗೆ ರಾಣಿ ಸಹಿ ಹಾಕದೆ ಇರಬಹುದು. ಅದನ್ನು ತಡೆಯುವ ಕಾನೂನು ಯಾವುದೂ ಇಲ್ಲ. ಆದರೂ ತಲೆತಲಾಂತರದಿಂದ ಯಾವ ದೊರೆಯೂ ಹಾಗೆ ಮಾಡಿಲ್ಲ. "ಈ ದೇಶ ಬಹುಪಾಲು ಇಂಥ ಮುಜುಗರದ ಮೇಲೆ ನಿಂತಿದೆ. ಅದು ಗಟ್ಟಿ ತಳಪಾಯವೇ ಅಲ್ಲವೇ ಎನ್ನುವುದು ನಮ್ಮ ಈ ವರ್ಷದ ವಿಷಯ." ಇದೆಲ್ಲ ಇಂಗ್ಲಿಷಿನಲ್ಲಿ. ತರಗತಿ ಮುಗಿದು ನಾನು ಬಾಗಿಲು ದಾಟುವಾಗ ಹಿಂದಿನಿಂದ ಧಾರವಾಡದ ಕನ್ನಡ ಕೇಳಿಸಿತು. "ಬೆಂಗಳೂರೇನವಾ ತಂಗಿ? ಊಟಕ್ಕ ಹೆಂಗ ಮಾಡ್ತಿ ಇಲ್ಲಿ?"

ತೆಳ್ಳಗಿನ, ಎತ್ತರದ ಮನುಷ್ಯ. ನಡೆಯುವಾಗ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಪ್ರಬಂಧಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ತಿದ್ದುವುದು ಎಂದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವುದು, ಅಷ್ಟೇ. ಸರಿ ಎಂದಾಗಲಿ ತಪ್ಪು ಎಂದಾಗಲಿ ಬರೆದದ್ದನ್ನು ನಾನು ನೋಡಿಲ್ಲ. ನನ್ನ ಮೊದಲ ಪ್ರಬಂಧ ಒಂದು ಪುಟದಲ್ಲೂ ಚಿಹ್ನೆಯಿಲ್ಲದೆ ವಾಪಸ್ಸು ಬಂದಾಗ ಖುಷಿಪಟ್ಟಿದ್ದೆ. ಅವರು ಕರೆದು, "ಇದರಾಗ ಕೇಳುವಂಥಾದ್ದು ಏನೂ ಇಲ್ಲ. ಮತ್ತ ಬರಿ" ಎಂದರು.

ಆಗ ಮಾನವ ಹಕ್ಕುಗಳ ಕಾಯಿದೆ ಜಾರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನ್ಯಾಯಾಧೀಶರು ಒಂದು ಕಾನೂನು ಹಕ್ಕಿಗೆ ವಿರುದ್ಧವಾಗಿದೆ ಎಂದು ಘೋಷಿಸಬಹುದು, ಆದರೆ ಅದನ್ನು ರದ್ದು ಮಾಡುವಂತಿಲ್ಲ. ರದ್ದು ಮಾಡಬೇಕಾದದ್ದು ಸಂಸತ್ತೇ. ಭಾರತದಿಂದ ಹೋದ ನನಗೆ ಇದು ಅರೆಬರೆ ಏರ್ಪಾಡು ಎನ್ನಿಸಿ ಹಾಗೆಂದು ಹೇಳಿದೆ. ಅವರು ಇಡೀ ಒಂದು ತಾಸು ಆ ಏರ್ಪಾಡಿನ ಪರವಾಗಿ ವಾದಿಸಿ ನನ್ನನ್ನು ಒಪ್ಪಿಸಿಬಿಟ್ಟರು. ಮುಂದಿನ ವಾರ ನಾನು ಅದೇ ವಾದವನ್ನು ಮುಂದಿಟ್ಟಾಗ ಅಷ್ಟೇ ಶ್ರದ್ಧೆಯಿಂದ ಕೆಡವಿದರು.

"ಸರ್, ಹೋದ ವಾರ ನೀವು ಬೇರೆ ಹೇಳಿದಿರಿ."

"ಹೋದ ವಾರ ನೀವೂ ಬೇರೆ ಹೇಳಿದಿರಿ."

ಇರಾಕಿನ ಯುದ್ಧ ಶುರುವಾದ ವಸಂತದಲ್ಲಿ ತರಗತಿ ಎರಡಾಗಿ ಒಡೆದಿತ್ತು. ಯುದ್ಧ ಸಾರುವ ಅಧಿಕಾರ ಕಾಗದದ ಮೇಲೆ ರಾಣಿಯದು, ಅಸಲಿನಲ್ಲಿ ಪ್ರಧಾನಿಯದು. ಸಂಸತ್ತನ್ನು ಕೇಳಲೇಬೇಕೆಂದಿಲ್ಲ. ಆ ಸಲ ಕೇಳಿದರು, ಸಂಸತ್ತು ಹೂಂ ಎಂದಿತು. ಯುದ್ಧದ ವಿರುದ್ಧ ಲಂಡನ್ನಿನಲ್ಲಿ ಮೆರವಣಿಗೆ ಮಾಡಿ ಬಂದಿದ್ದ ಹುಡುಗಿಯೊಬ್ಬಳು, ಕೇಳಿದ್ದು ಬರೀ ನಾಟಕ, ಅದರಿಂದ ಏನು ಬಂತು ಎಂದು ಸಿಟ್ಟಾದಳು. ಅವರು ಅವಳ ಸಿಟ್ಟು ಇಳಿಯುವ ತನಕ ಕಾದು, "ಒಮ್ಮೆ ಕೇಳಿದವರಿಗೆ ಮತ್ತೊಮ್ಮೆ ಕೇಳದೆ ಇರುವುದು ಕಷ್ಟವಾಗುತ್ತದೆ. ಇವತ್ತು ನಿನಗೆ ಅದರಿಂದ ಸಮಾಧಾನ ಸಿಗಲಾರದು" ಎಂದರು. ಯುದ್ಧ ಸರಿಯೋ ತಪ್ಪೋ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ.

ಅವರ ಮನೆ ಎಜ್‌ಬಾಸ್ಟನ್‌ನಲ್ಲಿ, ಆಸ್ಪತ್ರೆಗೆ ಹತ್ತಿರ. ಹೆಂಡತಿ, ನಾವೆಲ್ಲ ಆಂಟಿ ಎನ್ನುತ್ತಿದ್ದವರು, ಅಲ್ಲಿ ಅರಿವಳಿಕೆ ವೈದ್ಯೆ. ತಿಂಗಳಿಗೊಮ್ಮೆಯಾದರೂ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಆಂಟಿಯ ಆಸ್ಪತ್ರೆಯ ಪಾಳಿಯ ಪ್ರಕಾರ ಆ ಮನೆಯ ಊಟ ಮಧ್ಯಾಹ್ನ ಹನ್ನೆರಡಕ್ಕೂ ಇರುತ್ತಿತ್ತು, ನಾಲ್ಕಕ್ಕೂ ಇರುತ್ತಿತ್ತು. ಅವರು ಸಂವಿಧಾನವನ್ನು ಅಡಿಗೆಮನೆಗೂ ತರುತ್ತಿದ್ದರು. ಯಾವ ಪಲ್ಯ ಎಂದು ಆಂಟಿ ಕೇಳಿದರೆ, "ಮಂತ್ರಿಗಳ ಸಲಹೆ ಹೆಂಗೋ ಹಂಗ. ನಂದು ಬರೇ ಅಂಕಿತ."

"ನಿಮ್ಮ ಅಂಕಿತಾ ಬರೂದ್ರಾಗ ಎಣ್ಣಿ ಕಾದು ಹೊಗಿ ಆಡಾಕ ಹತ್ತೇತಿ. ಬದನಿಕಾಯೋ, ಹೀರಿಕಾಯೋ?"

"ಬದನಿಕಾಯಿ."

"ಬದನಿಕಾಯಿ ತಂದಿಲ್ಲ."

ಊರಿನ ನಮ್ಮ ಕನ್ನಡ ಕೂಟಕ್ಕೆ ಅವರೇ ಅಧ್ಯಕ್ಷರು, ಅದು ಶುರುವಾದಾಗಿನಿಂದ. ಪ್ರತಿ ಯುಗಾದಿಗೂ ಇಳಿಯುತ್ತೇನೆ ಎನ್ನುತ್ತಿದ್ದರು, ಪ್ರತಿ ಯುಗಾದಿಗೂ ಎಲ್ಲರೂ ಸೇರಿ ಅವರನ್ನೇ ಕೂರಿಸುತ್ತಿದ್ದರು. ಕೂಟಕ್ಕೆ ಬರೆದಿಟ್ಟ ನಿಯಮಾವಳಿ ಇರಲಿಲ್ಲ. ಅದು ಅವರ ಹಟವೆಂದು ಕೆಲವರು, ಅವರ ಪ್ರಯೋಗವೆಂದು ಕೆಲವರು ಹೇಳುತ್ತಿದ್ದರು. ಬರೆಯದ ನಿಯಮಗಳು ಇದ್ದವು. ಸದಸ್ಯತ್ವ ಮನೆಯದು, ಆದ್ದರಿಂದ ಮತಕ್ಕೆ ಹಾಕಿದಾಗ ಮನೆಗೆ ಒಂದೇ ಕೈ. ವಿದ್ಯಾರ್ಥಿಗಳಿಗೆ ಮನೆಯಿಲ್ಲ, ಆದ್ದರಿಂದ ಕೈಯೂ ಇಲ್ಲ. ಕೈ ಇಲ್ಲದವರು ಪಕ್ಷಪಾತ ಮಾಡಲಾರರು ಎಂದು ಎತ್ತಿದ ಕೈಗಳನ್ನು ಎಣಿಸುವ ಕೆಲಸ ನಮ್ಮದು. ಕುರ್ಚಿಯಲ್ಲಿ ಕೂತವರು ಮತ ಹಾಕುವಂತಿಲ್ಲ, ಅವರ ಮನೆಯ ಕೈಯೂ ಏಳುವಂತಿಲ್ಲ, ಎರಡೂ ಕಡೆ ಸಮವಾದರೆ ಮಾತ್ರ ನಿರ್ಣಯ ಅವರದು. ಕುರ್ಚಿ ನಡುವೆ ಖಾಲಿಯಾದರೆ ಮುಂದಿನ ಯುಗಾದಿಯವರೆಗೆ ಕಾರ್ಯದರ್ಶಿ ಕೂರಬೇಕು.

ಸಭೆಗೆ ಅವರು ತಪ್ಪದೆ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಸಭೆ ಶುರುವಾಗುವಾಗ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು. ಆಮೇಲೆ ಧಾರವಾಡದ ಭಾಷೆಯನ್ನೂ ಬಿಚ್ಚಿಟ್ಟು ಎಲ್ಲರ ಕನ್ನಡಕ್ಕೆ ಬರುತ್ತಿದ್ದರು. ಯಾರ ಮಾತು ಉದ್ದವಾದರೂ ಗಡಿಯಾರವನ್ನು ನೋಡುತ್ತಿರಲಿಲ್ಲ, ಮಾತಾಡುವವರ ಮುಖವನ್ನೇ ನೋಡುತ್ತಿದ್ದರು. ಅದು ಗಡಿಯಾರ ನೋಡುವುದಕ್ಕಿಂತ ಬೇಗ ಕೆಲಸ ಮಾಡುತ್ತಿತ್ತು.

ಸುಮಾ ಅವರ ವಿಷಯ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಸುಮಾ ಮೈಸೂರಿನವರು. ಪ್ರತಿ ಶನಿವಾರ, ಕೂಟದ ಸಭೆ ನಡೆಯುವ ಅದೇ ಚರ್ಚ್ ಹಾಲ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಇಲ್ಲೇ ಹುಟ್ಟಿದ ಮಕ್ಕಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಸುಮಾ ಅವರ ಎದುರು ಮಾತ್ರ ತಡವರಿಸಿಕೊಂಡಾದರೂ ಕನ್ನಡ ಆಡುತ್ತಿದ್ದರು. ಅವರ ಗಂಡ ಕೆಲಸದ ಮೇಲೆ ಮ್ಯಾಂಚೆಸ್ಟರ್‌ಗೆ ಹೋದವರು ಅಲ್ಲೇ ಬೇರೆ ಮನೆ ಮಾಡಿ, ವಿಚ್ಛೇದನಕ್ಕೆ ಹಾಕಿದ್ದರು. ಸದಸ್ಯತ್ವ ಗಂಡನ ಹೆಸರಿನಲ್ಲಿತ್ತು. ಕೂಟದ ಲೆಕ್ಕದಲ್ಲಿ ಸದಸ್ಯರಾಗಿ ಉಳಿದದ್ದು ಊರು ಬಿಟ್ಟವರು, ಊರಲ್ಲೇ ಇದ್ದವರ ಹೆಸರು ಬಿದ್ದುಹೋಯಿತು. ಹಾಲ್‌ನವರ ವಿಮೆಯ ಷರತ್ತಿನಂತೆ ತರಗತಿ ನಡೆಸುವವರು ಕೂಟದ ಸದಸ್ಯರೇ ಆಗಿರಬೇಕು. ಹಾಗಾಗಿ ಸುಮಾ ಶನಿವಾರದ ತರಗತಿಯನ್ನು ಬಿಡಬೇಕಾಗಿ ಬಂತು. ಅವರಿಗೆ ವಾರದ ಉಳಿದ ದಿನ ಒಂದು ವಿಮಾ ಕಂಪನಿಯಲ್ಲಿ ಕೆಲಸ, ಸಂಜೆ ಒಂಟಿ ಫ್ಲಾಟು. ಕನ್ನಡದ ಮಾತು ಕಿವಿಗೆ ಬೀಳುತ್ತಿದ್ದದ್ದು ಶನಿವಾರ ಮಾತ್ರ.

ಮಗಳನ್ನು ತರಗತಿಗೆ ಕಳಿಸುತ್ತಿದ್ದ ಅಪ್ಪನೊಬ್ಬ ನಿರ್ಣಯ ಮಂಡಿಸುವುದಾಗಿ ತಿಳಿಸಿದ. ಇನ್ನು ಮೇಲೆ ವಯಸ್ಕರೆಲ್ಲರೂ ತಮ್ಮ ತಮ್ಮ ಹೆಸರಿನಲ್ಲೇ ಸದಸ್ಯರಾಗಲಿ, ಒಬ್ಬರಿಗೆ ಒಂದು ಕೈ ಇರಲಿ ಎಂದು. ಸಭೆಯ ಹಿಂದಿನ ಭಾನುವಾರ ನಾನು ಮೇಷ್ಟ್ರ ಮನೆಯಲ್ಲಿದ್ದೆ. ಆಂಟಿ ರೊಟ್ಟಿ ತಟ್ಟುತ್ತ ನೇರವಾಗಿ ಕೇಳಿದರು.

"ನೀವು ಯಾರ ಕಡೆ?"

"ಅಧ್ಯಕ್ಷಗ ಕಡೆ ಇರೂದಿಲ್ಲ."

"ಅಧ್ಯಕ್ಷಗ ಬ್ಯಾಡ್ರಿ. ಆ ಅಂಗಿ ಒಳಗ ಒಬ್ಬಾಂವ ಇದ್ದಾನಲ್ಲ, ಅವನ್ನ ಕೇಳಾಕ ಹತ್ತೇನಿ."

ಅವರು ರೊಟ್ಟಿ ಮುರಿದು ಬೆಣ್ಣೆ ಸವರಿಕೊಂಡರು. "ಆ ಹುಡುಗಿದು ಖರೇ ಐತಿ" ಎಂದರು. ಅವರು ಒಂದು ಕಡೆ ನಿಂತು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಭೆಯಲ್ಲಿ ನಿರ್ಣಯವನ್ನು ವಿರೋಧಿಸಿದವರು ಕಾರ್ಯದರ್ಶಿ ಮೋಹನ್. ಸಾಫ್ಟ್‌ವೇರ್ ಎಂಜಿನಿಯರ್, ಸುಮಾ ಅವರ ಗಂಡನ ಗೆಳೆಯ. ಕೆಟ್ಟ ಮನುಷ್ಯನಲ್ಲ. ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವುದು, ವಿಮಾನ ನಿಲ್ದಾಣದಿಂದ ಕರೆತರುವುದು ಎಲ್ಲ ಅವರೇ. ನನ್ನನ್ನೂ ಅವರೇ ಕರೆತಂದಿದ್ದರು.

"ಸುಮಾ ಬಗ್ಗೆ ನಂಗೆ ಪರ್ಸನಲ್ಲಾಗಿ ಏನೂ ಇಲ್ಲ" ಎಂದರು. "ಮೆಂಬರ್‌ಶಿಪ್ ಮನೇದು. ಇಷ್ಟು ವರ್ಷದಿಂದ ನಡ್ಕೊಂಡು ಬಂದಿದೆ. ಇವತ್ತು ಬದಲಾಯಿಸಿದ್ರೆ ನಾಳೆ ಗಂಡ ಒಂದ್ ಕಡೆ ಕೈ ಎತ್ತಾನೆ, ಹೆಂಡ್ತಿ ಒಂದ್ ಕಡೆ ಎತ್ತಾಳೆ. ಮನೆ ಮನೇಲಿ ಜಗಳ ತಂದಿಡೋದು ಕೂಟದ ಕೆಲಸಾನಾ?"

"ಅದನ್ನ ಕೂಟ ಹೊಸದಾಗಿ ತಂದಿಡ್ಬೇಕಾಗಿಲ್ಲ ಬಿಡಿ, ಸ್ಟಾಕ್ ಇದೆ" ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು. ಮೋಹನ್ ಅವರೂ ನಕ್ಕರು.

"ಇದಕ್ಕೆ ಮೊದಲೂ ಒಂದು ಸಂಸಾರ ಹೀಗೇ ಆಗಿತ್ತು. ಆಗ ಆ ಹೆಂಗಸು ಕೂಟಕ್ಕೆ ಬರೋದು ನಿಲ್ಲಿಸಿದ್ರು. ಸಂಪ್ರದಾಯ ಅಂದ್ರೆ ಸಂಪ್ರದಾಯ. ಸರ್ ಅವರೇ ನಮಗೆ ಹೇಳಿಕೊಟ್ಟಿರೋದು."

ಅಧ್ಯಕ್ಷರು ಆಗ ಎರಡು ಪ್ರಶ್ನೆ ಕೇಳಿದರು.

"ಅವರು ಬರಬಾರದು ಅಂತ ಯಾರಾದರೂ ಹೇಳಿದ್ದಿರಾ?"

"ಇಲ್ಲ ಸರ್. ಅವರೇ ಬರ್ಲಿಲ್ಲ."

"ಯಾಕೆ ಬರಲಿಲ್ಲ ಅಂತ ಯಾರಾದರೂ ಕೇಳಿದ್ದಿರಾ?"

ಅವರು ಮತಕ್ಕೆ ಹಾಕಿದರು. ನಾನು ಎಣಿಸಿದೆ, ಇನ್ನೊಬ್ಬ ವಿದ್ಯಾರ್ಥಿಯೂ ಎಣಿಸಿದ. ಅನುಮಾನ ಬಂದು ಅದಲುಬದಲಾಗಿ ಮತ್ತೊಮ್ಮೆ ಎಣಿಸಿದೆವು. ಎರಡೂ ಕಡೆ ಸಮ. ಗೋಡೆಗೆ ಒರಗಿ ನಿಂತಿದ್ದ ಸುಮಾ ಅವರ ಮುಖದಲ್ಲಿ ನಗು ಬಂತು. ಈಗ ನಿರ್ಣಯ ಅಧ್ಯಕ್ಷರದು.

ಇಲ್ಲಿನ ಸಂಸತ್ತಿನಲ್ಲಿ ಒಂದು ಹಳೆಯ ಪದ್ಧತಿ ಇದೆ, ಅದನ್ನು ಅವರೇ ನಮಗೆ ತರಗತಿಯಲ್ಲಿ ಹೇಳಿದ್ದರು. ಮತಗಳು ಸಮವಾದಾಗ ಸ್ಪೀಕರ್ ತನ್ನ ಮನಸ್ಸಿನಂತೆ ಮತ ಹಾಕುವುದಿಲ್ಲ. ಸದನದಲ್ಲಿ ಇಲ್ಲದ ಬಹುಮತವನ್ನು ತಾನು ಹುಟ್ಟಿಸಬಾರದು, ಹಾಗಾಗಿ ಇದ್ದದ್ದು ಇದ್ದಂತೆ ಉಳಿಯುವ ಕಡೆಗೆ ಹಾಕಬೇಕು. ಹಾಲ್‌ನಲ್ಲಿ ಕೂತಿದ್ದವರಲ್ಲಿ ಇದು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ನಾನು ಅವರ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಕೈಗಳನ್ನು ನೋಡಿದೆ. ಅವು ಒಂದರ ಮೇಲೊಂದು ಇದ್ದವು.

"ಅಧ್ಯಕ್ಷನ ಮತ ಬಹುಮತವನ್ನು ಸೃಷ್ಟಿಸಬಾರದು" ಎಂದರು. "ಇದ್ದದ್ದು ಇದ್ದಂತೆ ಇರಲಿ. ನಿರ್ಣಯ ಬಿದ್ದಿದೆ."

ಸುಮಾ ಅವರ ಜೊತೆ ನಾನು ಬಸ್ ಸ್ಟಾಪಿನ ತನಕ ನಡೆದೆ. ಅವರು ಅಳಲಿಲ್ಲ.

"ಮೇಷ್ಟ್ರು ನನ್ ಕಡೆ ಅಂದ್ಕೊಂಡಿದ್ದೆ ಕಣೇ."

"ಅವರು ನಿಮ್ಮ ಕಡೆನೇ. ನನ್ನ ಕಿವಿಯಾರೆ ಕೇಳಿದ್ದೀನಿ."

"ಹಾಗಾದ್ರೆ ಇನ್ನೂ ಬೇಜಾರು" ಎಂದರು. ಬಸ್ಸು ಬಂತು.

ಮಾರನೆಯ ದಿನ ಪ್ರಬಂಧದ ನೆಪ ಮಾಡಿಕೊಂಡು ಮೇಷ್ಟ್ರ ಕೋಣೆಗೆ ಹೋದೆ. ನಾನು ಮಾತು ಕಡಿಮೆ, ಹಿರಿಯರ ಎದುರು ಇನ್ನೂ ಕಡಿಮೆ. ಆ ದಿನ ಮಾತ್ರ ಕೂರುವ ಮೊದಲೇ ಕೇಳಿದೆ. "ಸರ್, ಅದು ಪಾರ್ಲಿಮೆಂಟಲ್ಲ. ಮೂವತ್ತು ನಲವತ್ತು ಮನೆಗಳ ಒಂದು ಕೂಟ. ಅಲ್ಲಿ ಸ್ಪೀಕರ್ ಪದ್ಧತಿ ಯಾಕೆ?"

"ಕುಂದ್ರು."

ಕೂತೆ.

"ನಿನ್ನೆ ನಾ ನನ್ನ ಮನಸಿನಂಗ ಹಾಕಿದ್ರ ನಿನಗ ಖುಷಿ ಆಗ್ತಿತ್ತು. ನನಗೂ ಆಗ್ತಿತ್ತು. ನಾಳೆ ಆ ಕುರ್ಚ್ಯಾಗ ಕುಂದ್ರಾಂವ ತನ್ನ ಮನಸಿನಂಗ ಹಾಕ್ತಾನ. ಅವನ ಮನಸು ಹೆಂಗಿರ್ತದೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ."

"ಮತ್ತೆ ಸುಮಾ?"

ಅವರು ಕಿಟಕಿಯಾಚೆ ನೋಡಿದರು. ಕೆಳಗೆ ಹುಲ್ಲಿನ ಮೇಲೆ ಪರೀಕ್ಷೆ ಮುಗಿಸಿದ ಹುಡುಗರು ಮಲಗಿದ್ದರು. "ಆ ಕುರ್ಚ್ಯಾಗ ಕುಂತು ಆಕಿಗೆ ಏನೂ ಮಾಡಾಕ ಬರಂಗಿಲ್ಲ" ಎಂದರು. ನನಗೆ ಅದು ಕೈ ಚೆಲ್ಲಿದ ಮಾತಿನ ಹಾಗೆ ಕೇಳಿಸಿತು. ಬೇರೇನೂ ಕೇಳದೆ ಎದ್ದುಬಂದೆ.

ಅದೇ ದಿನಗಳಲ್ಲಿ ಸರಕಾರ ಲಾರ್ಡ್ ಚಾನ್ಸಲರ್ ಎಂಬ ಹುದ್ದೆಯನ್ನು ತೆಗೆದುಹಾಕುವುದಾಗಿ ಒಂದು ಸಂಜೆ ಇದ್ದಕ್ಕಿದ್ದಂತೆ ಪ್ರಕಟಿಸಿತು. ಒಬ್ಬನೇ ವ್ಯಕ್ತಿ ಮಂತ್ರಿಯೂ ಹೌದು, ನ್ಯಾಯಾಧೀಶರ ಮುಖ್ಯಸ್ಥನೂ ಹೌದು, ಮೇಲ್ಮನೆಯ ಸಭಾಪತಿಯೂ ಹೌದು. ಬಹಳ ಹಳೆಯ, ವಿಚಿತ್ರವಾದ ಹುದ್ದೆ. ಪ್ರಕಟಣೆಯ ಮೇಲೆ ಗೊತ್ತಾಯಿತು, ಆ ಹುದ್ದೆಯ ಹೆಸರು ಲೆಕ್ಕವಿಲ್ಲದಷ್ಟು ಕಾನೂನುಗಳಲ್ಲಿ ಸೇರಿಕೊಂಡಿದೆ, ಹಾಗೆಲ್ಲ ತೆಗೆಯಲು ಬರುವುದಿಲ್ಲ ಎಂದು. ಮಾರನೆಯ ದಿನ ಹೊಸ ಮಂತ್ರಿ ವಿಗ್ಗು ತೊಟ್ಟು ಅದೇ ಸಭಾಪತಿಯ ಪೀಠದಲ್ಲಿ ಕೂರಬೇಕಾಯಿತು. ವಿಭಾಗದಲ್ಲಿ ಎಲ್ಲರೂ ನಗುತ್ತಿದ್ದರು, ಕೆಲವರು ಸಿಟ್ಟಾಗಿದ್ದರು. ಮೇಲ್ಮನೆಯಿಂದ ನ್ಯಾಯಾಧೀಶರನ್ನು ಹೊರಗೆ ತಂದು ಬೇರೆ ಸರ್ವೋಚ್ಚ ನ್ಯಾಯಾಲಯ ಕಟ್ಟಬೇಕೇ ಎಂಬ ವಾದ ಕಾಫಿಯ ಜೊತೆ ಬೆಳಗಿನಿಂದಲೇ ಶುರುವಾಗುತ್ತಿತ್ತು. ಮೇಷ್ಟ್ರಿಗೆ ಆಸಕ್ತಿ ಇದ್ದದ್ದು ಒಂದು ಸಣ್ಣ ವಿಷಯದಲ್ಲಿ. "ಕುರ್ಚಿ ತೆಗೀಬೇಕಂದ್ರ ಎಷ್ಟ್ ಗದ್ದಲ ನೋಡು" ಎಂದರು ನನಗೆ ಮೆಟ್ಟಿಲ ಮೇಲೆ. "ಕುಂತಾಂವ ಏಳಬೇಕಂದ್ರ ಅಷ್ಟಿಲ್ಲ."

ಆ ವಾರವೇ ಕೂಟದ ಎಲ್ಲರಿಗೂ ಇಮೇಲ್ ಬಂತು. ಎರಡೇ ಸಾಲು. ತಾನು ಅಧ್ಯಕ್ಷ ಸ್ಥಾನ ಬಿಡುತ್ತಿದ್ದೇನೆ, ಪದ್ಧತಿಯಂತೆ ಯುಗಾದಿಯವರೆಗೆ ಕಾರ್ಯದರ್ಶಿ ಮೋಹನ್ ಅವರು ಕುರ್ಚಿಯಲ್ಲಿ ಕೂರುತ್ತಾರೆ. ಕಾರಣ ಇರಲಿಲ್ಲ. ಮುನಿಸಿಕೊಂಡರು ಎಂದರು ಕೆಲವರು, ಆರೋಗ್ಯ ಎಂದರು ಕೆಲವರು. ಮೋಹನ್ ಅವರು ಮನೆಗೆ ಹೋಗಿ ಬೇಡ ಎಂದು ಕೇಳಿಕೊಂಡು ಬಂದರಂತೆ, ಮನಸ್ಸಿನಿಂದಲೇ ಕೇಳಿಕೊಂಡಿದ್ದಾರು. ಹಾಗೆಯೇ ಸ್ವಲ್ಪ ಸಂತೋಷವೂ ಆಗಿತ್ತು. ಕೂಟಕ್ಕೊಂದು ವೆಬ್‌ಸೈಟ್ ಮಾಡಬೇಕೆಂದು ಅವರಿಗೆ ಬಹಳ ದಿನದಿಂದ ಆಸೆ.

ಮೇಷ್ಟ್ರು ಮತ್ತೆ ಆ ಕುರ್ಚಿಗೆ ಹೋಗಲಿಲ್ಲ. ಮುಂದಿನ ಯುಗಾದಿಗೆ ಎಲ್ಲರೂ ಕರೆದರು, ಅದರ ಮುಂದಿನದಕ್ಕೂ ಕರೆದರು. ಒಮ್ಮೆ ಬೇಕೆಂದಾಗ ಇಳಿದು ಬೇಕೆಂದಾಗ ಏರಿದರೆ ಅದು ಕುರ್ಚಿಯಲ್ಲ, ತೂಗುಮಂಚ ಎಂದರಂತೆ. ಆದರೆ ಸಭೆಯಿರುವ ದಿನ ಬೆಳಿಗ್ಗೆ ಎದ್ದು ಬಿಳಿ ಅಂಗಿಗೆ ಇಸ್ತ್ರಿ ಹಾಕುವುದನ್ನು ಅವರು ಬಹಳ ಕಾಲ ಬಿಡಲಿಲ್ಲ ಎಂದು ಆಂಟಿ ಹೇಳಿದರು. ಇಸ್ತ್ರಿ ಮುಗಿದ ಮೇಲೆ ನೆನಪಾಗಿ ಅದನ್ನು ಮತ್ತೆ ಕಪಾಟಿನಲ್ಲಿ ತೂಗುಹಾಕಿ, ಸ್ವೆಟರ್ ಹಾಕಿಕೊಂಡು ಹೊರಡುತ್ತಿದ್ದರಂತೆ. ಅವರಿಗೆ ಈ ದೇಶದಲ್ಲಿ ತನ್ನದು ಎಂದು ಅನ್ನಿಸಿದ್ದ ಜಾಗ ವಿಶ್ವವಿದ್ಯಾಲಯವಲ್ಲ, ಆ ಹಾಲ್‌ನ ಮಡಚುವ ಮೇಜಿನ ಹಿಂದಿನ ಜಾಗ ಎಂದು ನನಗೆ ಅನ್ನಿಸುತ್ತದೆ. ಅವರು ಹಾಗೆಂದು ಹೇಳಿಲ್ಲ.

ಕೆಲವು ಮನೆಗಳು ಸೇರಿ ಕೇಳಿಕೊಂಡರೆ ಅದೇ ವಿಷಯಕ್ಕೆ ಮತ್ತೆ ಸಭೆ ಕರೆಯಬಹುದಿತ್ತು. ಕೇಳಿಕೊಂಡವರಲ್ಲಿ ಮೊದಲನೆಯದು ಅವರ ಮನೆ. ಅದೇ ವರ್ಷದ ಜುಲೈನಲ್ಲಿ ಸಭೆ ಸೇರಿತು. ಹೋದ ಸಲ ಬಂದಿದ್ದ ಮನೆಗಳೇ ಬಂದಿದ್ದವು. ಟೀ ಕುಡಿಯುವಾಗಿನ ಮಾತಿನಲ್ಲೇ ಯಾರೂ ಮನಸ್ಸು ಬದಲಿಸಿಲ್ಲ ಎನ್ನುವುದು ಗೊತ್ತಾಗುತ್ತಿತ್ತು. ಮೇಷ್ಟ್ರು ಕೊನೆಯ ಸಾಲಿನಲ್ಲಿ, ಸ್ವೆಟರ್ ಹಾಕಿಕೊಂಡು ಕೂತಿದ್ದರು. ಆಂಟಿ ಆಸ್ಪತ್ರೆಯಿಂದ ನೇರವಾಗಿ ಬಂದವರು, ದಾರಿಯಲ್ಲಿ ಸುಮಾ ಅವರನ್ನು ಫ್ಲಾಟಿನಿಂದ ಎಬ್ಬಿಸಿಕೊಂಡು ಬಂದಿದ್ದರು. ಸುಮಾ ಕೋಟು ಬಿಚ್ಚದೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು.

ಮೋಹನ್ ಚೆನ್ನಾಗಿಯೇ ಸಭೆ ನಡೆಸಿದರು. ಎಲ್ಲರಿಗೂ ಮಾತಾಡಲು ಬಿಟ್ಟರು. ಅಧ್ಯಕ್ಷರು ವಾದ ಮಾಡಬಾರದು ಎಂದು ಅವರಿಗೆ ಗೊತ್ತಿತ್ತು, ಮಾಡಲಿಲ್ಲ. ಆಮೇಲೆ, "ಮೊದಲು ವಿರೋಧ ಇರೋರು ಕೈ ಎತ್ತಿ" ಎಂದರು. ಕೈಗಳು ಎದ್ದವು. ಅಭ್ಯಾಸಬಲದಿಂದ ಮೋಹನ್ ಅವರ ಕೈಯೂ ಭುಜದ ತನಕ ಬಂದು, ಅಲ್ಲಿ ನಿಂತಿತು. ತಾನು ಎಲ್ಲಿ ಕೂತಿದ್ದೇನೆ ಎನ್ನುವುದು ಅವರಿಗೆ ಆ ಕ್ಷಣದಲ್ಲೇ ಹೊಳೆದಿರಬೇಕು. ಆ ಕೈಯನ್ನು ಅವರು ಎತ್ತಿಬಿಟ್ಟಿದ್ದರೆ ತಡೆಯುವವರು ಯಾರೂ ಇರಲಿಲ್ಲ, ತಡೆಯುವುದಕ್ಕೆ ಬರೆದ ಸಾಲೊಂದೂ ಇರಲಿಲ್ಲ. ಕೊನೆಯ ಸಾಲಿನ ಕಡೆಗೊಮ್ಮೆ ನೋಡಿದರು. ಕೈ ಇಳಿಸಿದರು. ಆ ಕೈಯನ್ನು ನಾನು ಎಣಿಸಲಿಲ್ಲ, ವಿರೋಧದ ಲೆಕ್ಕ ಹೋದ ಸಲಕ್ಕಿಂತ ಒಂದು ಕಡಿಮೆಯಾಯಿತು. ಮೋಹನ್ ಅವರ ಬಗ್ಗೆ ನನಗಿರುವ ಗೌರವ ಆ ಹೊತ್ತಿನದು.

ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಕುರ್ಚಿ ಬಿಟ್ಟಿರಾ ಎಂದು ನಾನು ಮೇಷ್ಟ್ರನ್ನು ಮುಂದೊಮ್ಮೆ ಕೇಳಿದ್ದೆ. "ಒಬ್ಬಾಂವ ಎದ್ರ ಇನ್ನೊಬ್ಬಾಂವ ಕುಂದ್ರತಾನ. ಇದರಾಗ ಲೆಕ್ಕ ಏನೈತಿ" ಎಂದಿದ್ದರು. ಆಂಟಿಯನ್ನು ಕೇಳಿದ್ದಕ್ಕೆ ಅವರು ನಕ್ಕು ಬೇರೆ ಮಾತು ತೆಗೆದರು.

"ಈಗ ಪರವಾಗಿ ಇರೋರು" ಎಂದರು ಮೋಹನ್.

ಹೋದ ಸಲದ ಕೈಗಳೇ ಎದ್ದವು. ನಾನು ಎಣಿಸುತ್ತ ಸಾಲು ಸಾಲಾಗಿ ಹಿಂದಕ್ಕೆ ಹೋದೆ. ಹಾಲ್‌ನಲ್ಲಿದ್ದವರೆಲ್ಲ ಕೊನೆಯ ಸಾಲಿನ ಕಡೆ ತಿರುಗಿದ್ದರು. ಕೂಟ ಶುರುವಾದಾಗಿನಿಂದ ಅಧ್ಯಕ್ಷರಾಗಿದ್ದ ಮನುಷ್ಯ ಮೊದಲ ಸಲ ಕೈ ಎತ್ತುವುದನ್ನು ನೋಡಲು ಕಾಯುತ್ತಿದ್ದರು. ಅವರು ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟುಕೊಂಡು, ನೇರವಾಗಿ ಮುಂದೆ ನೋಡುತ್ತ ಕೂತೇ ಇದ್ದರು. ಪಕ್ಕದಲ್ಲಿ ಆಂಟಿ ಕೈ ಎತ್ತಿದ್ದರು.

ಮೋಹನ್ ಗಂಟಲು ಸರಿಮಾಡಿಕೊಂಡರು. "ಆಂಟಿ, ಈಗಿನ್ನೂ ಹಳೇ ಪದ್ಧತಿನೇ ಇರೋದು. ಮನೆಗೆ ಒಂದೇ ಕೈ..."

"ಒಂದಽ ಎತ್ತೇನಲ್ಲಪಾ" ಎಂದರು ಆಂಟಿ. ಆಮೇಲೆ ನನ್ನ ಕಡೆ ತಿರುಗಿ, "ಎಣಸ, ತಂಗಿ" ಎಂದರು.

ಎಣಿಸಿದೆ.